ಹುಲ್ಲುಮಣ್ಣಿನ ಮನೆಯಲ್ಲಿ ಹೇಗೆ ಬದುಕಿದ್ರು?

ಪ್ರಶ್ನೆ: ಅಮೆರಿಕದ ನೆಬ್ರಾಸ್ಕಾದ್ದು ಅಂತ ಒಂದು ಹಳೇ ಫೋಟೋ ನೋಡ್ದೆ. ಮಣ್ಣಿನ ಮನೆ, ಚಾವಣಿ ಮೇಲೆ ಹುಲ್ಲು, ಮುಂದೆ ಇಡೀ ಕುಟುಂಬ ಒಳ್ಳೆ ಬಟ್ಟೆ ಹಾಕ್ಕೊಂಡು ಕೂತಿದೆ. ಸರ್ಕಾರ ಪುಕ್ಕಟೆ ಜಮೀನು ಕೊಟ್ಟಿತ್ತಂತೆ, ಮತ್ತೆ ಮನೆ ಯಾಕೆ ಹಂಗೆ? ಆ ಚಳೀಲಿ ಹೇಗಿರ್ತಿದ್ರು?
- ಒಬ್ಬ ಓದುಗರು, ಶಿರಸಿ

ಉತ್ತರ: ನೀವು ನೋಡಿದ್ದು ಬಹುಶಃ ಸಾಲೊಮನ್ ಬುಚರ್ ತೆಗೆದ ಫೋಟೋ ಇರ್ಬೇಕು, 1886ರಿಂದ ಅವರು ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಮನೆಮನೆಗೆ ಹೋಗಿ ಇಂಥವನ್ನ ತೆಗೀತಿದ್ರು.

ಮೊದ್ಲು ಪುಕ್ಕಟೆ ವಿಷಯ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ ಸಿಗ್ತಿತ್ತು, ಫೀಸು ಎಲ್ಲಾ ಸೇರಿ 18 ಡಾಲರ್, ಆದ್ರೆ ಅಲ್ಲೇ ಮನೆ ಕಟ್ಟಿ 5 ವರ್ಷ ಇದ್ದು ಉಳುಮೆ ಮಾಡಿದ್ರೇನೇ ಜಮೀನಿನ ಪತ್ರ ಕೈಗೆ ಬರ್ತಿದ್ದಿದ್ದು. ಮದುವೆಯಾಗದ ಹೆಂಗಸರು, ವಿಧವೆಯರು ಕೂಡ ತಮ್ಮ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು. ಆ ನೆಲ ಖಾಲಿ ಬಿದ್ದಿತ್ತು ಅಂತ ಮಾತ್ರ ದಯವಿಟ್ಟು ಅಂದ್ಕೋಬೇಡಿ, ನೆಬ್ರಾಸ್ಕಾದಲ್ಲಿ ತಲೆತಲಾಂತರದಿಂದ ಇದ್ದ ಪಾನಿ ಅನ್ನೋ ಮೂಲನಿವಾಸಿ ಜನ 1870ರ ದಶಕದಲ್ಲಿ ಈಗಿನ ಒಕ್ಲಹೋಮಾಗೆ ಹೋಗಬೇಕಾಯ್ತು.

ಮನೆ ಹಂಗಿದ್ದಿದ್ದಕ್ಕೆ ಕಾರಣ ಅಲ್ಲಿ ಮರ ಇರ್ಲಿಲ್ಲ. ಹೊಳೆ ದಂಡೆ ಬಿಟ್ರೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲೇ. ಆ ಹುಲ್ಲಿನ ಬೇರು ಎಷ್ಟು ಗಟ್ಟಿ ಅಂದ್ರೆ ಅದಕ್ಕೇ ಅಂತ ಮಾಡಿದ ನೇಗಿಲಲ್ಲಿ ನೆಲ ಪಟ್ಟಿಪಟ್ಟಿಯಾಗಿ ಸೀಳಿ, 3 ಅಡಿ ಉದ್ದ 1 ಅಡಿ ಅಗಲದ ತುಂಡು ಮಾಡ್ಕೊಂಡು, ಹುಲ್ಲಿನ ಕಡೆ ಕೆಳಗೆ ಮಾಡಿ ಇಟ್ಟಿಗೆ ಥರ ಪೇರಿಸ್ತಿದ್ರು. ಒಂದೊಂದು ತುಂಡೂ ಇಪ್ಪತ್ತು ಕಿಲೋ ಮೇಲೆ. ಗೋಡೆ ಎರಡು ಮೂರು ಅಡಿ ದಪ್ಪ ಇರ್ತಿದ್ದರಿಂದ ಬೇಸಿಗೇಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ನಿಮ್ಮ ಚಳಿ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಇನ್ನರ್ಧ ಒಲೆ. ಸೌದೆ ಎಲ್ಲಿಂದ ತರ್ತಾರೆ? ಬಯಲಲ್ಲಿ ಬೈಸನ್ ಅನ್ನೋ ಅಲ್ಲಿನ ಕಾಡುದನ ಹಾಕಿ ಒಣಗಿದ ಸಗಣಿ, ಅದು ಮುಗಿದ್ಮೇಲೆ ದನದ ಸಗಣಿ, ಮೆಕ್ಕೆಜೋಳದ ದಿಂಡು, ಹಗ್ಗದ ಥರ ಹೊಸೆದ ಒಣಹುಲ್ಲು, ಇವನ್ನೇ ಉರಿಸ್ತಿದ್ರು, ಇವೆಲ್ಲ ಬೇಗ ಉರಿದುಹೋಗೋದ್ರಿಂದ ಯಾರಾದ್ರೂ ಒಬ್ರು ಒಲೆ ಮುಂದೆ ಇರ್ಲೇಬೇಕಿತ್ತು.

ನಂಗೆ ಎಲ್ಲಕ್ಕಿಂತ ಸಂಕಟ ಆಗೋದು ಆ ಮನೆಯ ಹೆಂಗಸರನ್ನ ನೆನೆಸ್ಕೊಂಡ್ರೆ. ಜೋರು ಮಳೆ ಬಂದ್ರೆ ಚಾವಣಿ ಸೋರ್ತಿತ್ತು, ಮಳೆ ನಿಂತ್ಮೇಲೂ ಕೆಸರುನೀರು ತೊಟ್ಟಿಕ್ತಾನೇ ಇರ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವೂ ಬೀಳ್ತಿತ್ತು ಅಂತ ಚಾವಣಿ ಕೆಳಗೆ ತೆಳು ಬಟ್ಟೆ ಕಟ್ಟೋರು. ಅಂಥದ್ರಲ್ಲೂ ಗೋಡೆಗೆ ಸುಣ್ಣ ಬಳಿದು, ಆ ದಪ್ಪ ಗೋಡೆಯ ಕಿಟಕಿಕಟ್ಟೆ ಮೇಲೆ ಹೂವಿನ ಗಿಡ ಇಡ್ತಿದ್ರು. 1874ರಲ್ಲಿ ಮಿಡತೆ ಹಿಂಡು ಬಂದು ಬೆಳೆ ಜೊತೆ ಒಣಹಾಕಿದ ಬಟ್ಟೆ, ಸಲಕರಣೆಗಳ ಮರದ ಹಿಡಿಯನ್ನೂ ಕಡೀತು. ಬೇಕಾದಷ್ಟು ಜನ ಸೋತು ವಾಪಸ್ ಹೋದ್ರು.

ನಿಂತೋರು ರೈಲಲ್ಲಿ ಹಲಗೆ ಬರೋಕೆ ಶುರುವಾಗಿ ಕೈಲಿ ನಾಲ್ಕು ಕಾಸು ಓಡಾಡಿದ್ಮೇಲೆ ಮರದ ಮನೆ ಕಟ್ಕೊಂಡ್ರು, ಹಳೇದನ್ನ ಎಷ್ಟೋ ಕಡೆ ಕೊಟ್ಟಿಗೆ ಮಾಡ್ಕೊಂಡ್ರು.