ಇನ್ನೂರು ಮೀಟರ್ ಬಿಟ್ಟರೆ ಸಾಕೇ?

ನಮಸ್ಕಾರ. ಯುರೋಪಿನಲ್ಲಿ ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ) ಮೆಕ್ಕೆಜೋಳ ಬೆಳೆಯುವವರೂ ಅದು ಬೇಡವೆನ್ನುವವರೂ ಅಕ್ಕಪಕ್ಕದ ಹೊಲದಲ್ಲೇ ಇದ್ದಾರೆ ಎಂಬ ನಮ್ಮ ಬರಹ ಓದಿ, ‘ನಡುವೆ ಇನ್ನೂರು ಮೀಟರ್ ಬಿಟ್ಟರೆ ಮುಗೀತಲ್ಲ, ಜಗಳ ಯಾಕೆ?’ ಎಂದು ಕೇಳಿದ್ದೀರಿ. ನೀವು ದಾವಣಗೆರೆ ಕಡೆಯವರು, ಮೆಕ್ಕೆಜೋಳ ಬೆಳೆಯುವವರು. ಹಾಗಾಗಿ ಹೊಲದಿಂದಲೇ ಶುರು ಮಾಡುತ್ತೇನೆ.

ಸೂಲಂಗಿಯಿಂದ, ಅಂದರೆ ಗಿಡದ ತುದಿಯ ಗಂಡು ಹೂವಿನಿಂದ, ಉದುರುವ ಪರಾಗ ಭಾರ ಅಲ್ವಾ? ಬಹುಪಾಲು ಹತ್ತಿರದಲ್ಲೇ ಬೀಳುತ್ತದೆ. ಗಾಳಿ ಜೋರಾದರೆ ಒಂದಿಷ್ಟು ದೂರ ಹೋಗಿ ಪಕ್ಕದ ಹೊಲದ ಬೆಳೆಗೆ ಬೆರೆಯುತ್ತದೆ. ಅದಕ್ಕೇ ಪೋರ್ಚುಗಲ್ 2005ರಲ್ಲಿ ಕಾನೂನು ಮಾಡಿತು: ಕುಲಾಂತರಿ ಹೊಲ ಸಾಮಾನ್ಯ ಹೊಲದಿಂದ 200 ಮೀಟರ್, ಸಾವಯವ ಹೊಲದಿಂದ 300 ಮೀಟರ್ ದೂರ ಇರಬೇಕು. ಸಾಮಾನ್ಯ ಹೊಲದ ಪಕ್ಕ ಅಷ್ಟು ಜಾಗ ಇಲ್ಲದಿದ್ದರೆ ಕುಲಾಂತರಿ ಹೊಲದ ಅಂಚಿನಲ್ಲಿ 24 ಸಾಲು ಸಾಮಾನ್ಯ ಮೆಕ್ಕೆಜೋಳ ಹಾಕಬಹುದು. ಮೆಕ್ಕೆಜೋಳದ ಮಟ್ಟಿಗೆ ಇದು ಕೆಲಸ ಮಾಡುತ್ತದೆ, ನಿಮ್ಮ ಮಾತು ಒಪ್ಪುತ್ತೇನೆ.

ಆದರೆ ಬೆರಕೆ ಆಗುವುದು ಗಾಳಿಯಿಂದ ಮಾತ್ರವಲ್ಲ. ಬಿತ್ತುವ ಯಂತ್ರದಲ್ಲಿ ನಾಲ್ಕು ಕಾಳು ಉಳಿದಿರುತ್ತವೆ. ಕೊಯ್ಲಿನ ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. ಲಾರಿ, ಗೋದಾಮು ಎಲ್ಲ ಒಂದೇ. ಯುರೋಪಿನ ನಿಯಮದ ಪ್ರಕಾರ ತಪ್ಪಿಸಲಾಗದೆ ಸೇರಿದ ಕುಲಾಂತರಿ ಅಂಶ 0.9 ಶೇಕಡಾ ದಾಟಿದರೆ ಲೇಬಲ್ ಮೇಲೆ ಹೇಳಲೇಬೇಕು. ಸಾವಯವ ಮಾಲು ಕೊಳ್ಳುವವರಿಗೆ ಅಷ್ಟೂ ಇರಬಾರದು. ಒಂದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷದ ಬೆಳೆಗೆ ಸಾವಯವದ ಬೆಲೆ ಸಿಗುವುದಿಲ್ಲ.

ಜಗಳ ಇರುವುದು ಇಲ್ಲೇ. ಆ ನಷ್ಟ ಯಾರದು? ಕುಲಾಂತರಿ ಬಿತ್ತಿದವನದೋ, ಬಿತ್ತದೆ ಸುಮ್ನೆ ಇದ್ದವನದೋ? ಪೋರ್ಚುಗಲ್‌ನಲ್ಲಿ ಬಿತ್ತುವವನೇ ತರಬೇತಿ ಪಡೆಯಬೇಕು, ಪಕ್ಕದ ಹೊಲದವರಿಗೆ ಮುಂಚೆಯೇ ಬರೆದು ತಿಳಿಸಬೇಕು. ಕುಲಾಂತರಿ ಬೀಜದ ಮೇಲೆ ಶುಲ್ಕ ಹಾಕಿ ಪರಿಹಾರ ನಿಧಿಯನ್ನೂ ಮಾಡಿದರು. ನನಗೆ ಇದು ನ್ಯಾಯ ಅನ್ನಿಸುತ್ತದೆ.

ಯುರೋಪಿನಲ್ಲಿ ಕುಲಾಂತರಿ ಮೆಕ್ಕೆಜೋಳ ಅತಿ ಜಾಸ್ತಿ ಬೆಳೆಯುವುದು ಸ್ಪೇನ್. ಕಾಂಡಕೊರಕ ಹುಳುವಿನ ಕಾಟ ಇರುವ ಅರಗಾನ್, ಕ್ಯಾಟಲೋನಿಯಾ ಕಡೆ ರೈತರಿಗೆ ಆ ಹುಳುವನ್ನು ತಡೆಯುವ ಈ ಬೀಜದಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಇಂಥದ್ದೊಂದು ಕಾನೂನೇ ಬರಲಿಲ್ಲ. ಪರಾಗ ತಪ್ಪಿಸಿಕೊಳ್ಳಲು ಸಾವಯವ ರೈತನೇ ತಡವಾಗಿ ಬಿತ್ತಬೇಕು, ಇಳುವರಿ ಕಡಿಮೆಯಾದರೆ ಅವನೇ ಸಹಿಸಬೇಕು. ಕೆಲವರು ಸಾವಯವ ಮೆಕ್ಕೆಜೋಳವನ್ನೇ ಬಿಟ್ಟರು. ಅವರ ಹೊಲದ ಸುತ್ತ ಎಷ್ಟು ಮೀಟರ್ ಬಿಡಬೇಕು ಎಂದು ಕೇಳುವವರೂ ಆಗ ಇರಲಿಲ್ಲ.

— ಸಂಪಾದಕ