ಆಗ ಸಾಕಾಗಿದ್ದು ಈಗ ಯಾಕೆ ಸಾಲದು?

ಹಾಸನ ಜಿಲ್ಲೆಯಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದವಿದೆ, ಮುಖ್ಯವಾದಷ್ಟನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇವೆ:

"2020ರಲ್ಲಿ ಚರ್ಚ್ ಮುಚ್ಚಿದಾಗ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಪೂಜೆ ನೋಡಿದೆವು. ಸದ್ಯಕ್ಕೆ ಅಷ್ಟು ಸಾಕು ಎಂದು ಫಾದರ್ ಹೇಳಿದ್ದರು. ಈಗ ಚರ್ಚ್ ತೆರೆದು ವರ್ಷಗಳೇ ಆದವು. ನಮ್ಮ ಅತ್ತೆಗೆ ಮಂಡಿನೋವು, ಹೊರಗೆ ಹೋಗಲಾರರು, ಟಿವಿಯಲ್ಲೇ ಪೂಜೆ ನೋಡುತ್ತಾರೆ. ಬೆಂಗಳೂರಿನಲ್ಲಿರುವ ಮಗನಿಗೆ ಯಾವ ನೋವೂ ಇಲ್ಲ, ಅವನೂ ಫೋನಿನಲ್ಲೇ ನೋಡುತ್ತಾನೆ. ಕೇಳಿದರೆ 'ಆಗ ಸಾಕಾಗಿದ್ದು ಈಗ ಯಾಕೆ ಸಾಲದು ಅಮ್ಮ?' ಎನ್ನುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ವಿಷಯ. ಆಗ ಹೆಂಡದಂಗಡಿ ತೆರೆದ ಮೇಲೂ ನಮ್ಮ ಬಾಗಿಲು ತೆರೆಯಲಿಲ್ಲ. ನಮ್ಮ ಹಿರಿಯರಾಗಿದ್ದರೆ ಸುಮ್ಮನಿರುತ್ತಿದ್ದರೇ? ಆ ದಿನಗಳಲ್ಲಿ ನಮ್ಮ ವಿಶ್ವಾಸ ಸೋತಿತು ಅಂತ ನನಗೆ ಅನ್ನಿಸುತ್ತದೆ."

ಪ್ರಿಯ ಸಹೋದರಿ,

ನಿಮ್ಮ ಮಗ ಕೇಳಿದ್ದು ಒಳ್ಳೆಯ ಪ್ರಶ್ನೆ. ಸೋಮಾರಿತನದ ನೆಪ ಎಂದು ತಳ್ಳಿಹಾಕಬೇಡಿ. ನೆಪವೂ ಇರಬಹುದು, ಆದರೆ ಅದರೊಳಗೆ ಒಂದು ಸರಿಯಾದ ಲೆಕ್ಕ ಇದೆ. ಸಾಕು ಎಂದು ಹೇಳಿದವರು ನಾವೇ ಅಲ್ವಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಗಲೂ ಅದು ಸಾಕಾಗಿರಲಿಲ್ಲ. ಆಗ ನಮಗೆ ಸಿಕ್ಕಿದ್ದು ಒಂದು ವಿನಾಯಿತಿ. ಅದನ್ನು ನಾವು ಬದಲಿ ವ್ಯವಸ್ಥೆ ಎಂದು ತಿಳಿದುಕೊಂಡೆವು.

ಬಿಷಪರು ಸಡಿಲಿಸಿದ್ದು ಭಾನುವಾರದ ಬಲಿಪೂಜೆಗೆ ಹೋಗಲೇಬೇಕು ಎಂಬ ಕಟ್ಟಳೆಯನ್ನು. ಟಿವಿಯಲ್ಲಿ ನೋಡಿದರೆ ಕಟ್ಟಳೆ ತೀರುತ್ತದೆ ಎಂದು ಇದಕ್ಕೆ ಅರ್ಥವಲ್ಲ. ಕಟ್ಟಳೆಯೇ ಇರಲಿಲ್ಲ. ಟಿವಿ ಹಾಕದೆ ಜಪಸರ ಹಿಡಿದು ಕೂತವರೂ ಏನೂ ತಪ್ಪು ಮಾಡಲಿಲ್ಲ. 1983ರ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚ್ ಸಂಸ್ಥೆಯ, ಕಾನೂನು ಸಂಹಿತೆಯಲ್ಲಿ 1248ನೇ ವಿಧಿ ಇಂಥ ಹೊತ್ತಿಗೆಂದೇ ಇದೆ. ಗುರುಗಳು, ಅಂದರೆ ಫಾದರ್, ಇಲ್ಲದೆಯೋ ಬೇರೆ ಗಂಭೀರ ಕಾರಣದಿಂದಲೋ ಪೂಜೆಗೆ ಹೋಗಲು ಆಗದಿದ್ದರೆ ಏನು ಮಾಡಬೇಕು? ಬೈಬಲ್ ಓದಿ ಪ್ರಾರ್ಥಿಸುವ ವಾಕ್ಯದ ಆರಾಧನೆ ನಡೆಯುತ್ತಿದ್ದರೆ ಅದರಲ್ಲಿ ಸೇರಿ. ಇಲ್ಲವಾದರೆ ಒಬ್ಬರೇ, ಇಲ್ಲವೇ ಮನೆಯವರ ಜೊತೆ, ಇಲ್ಲವೇ ನಾಲ್ಕಾರು ಮನೆಯವರು ಸೇರಿ ಪ್ರಾರ್ಥನೆ ಮಾಡಿ ಎನ್ನುತ್ತದೆ. ಟಿವಿಯ ಮಾತೇ ಅಲ್ಲಿಲ್ಲ. 1983ರಲ್ಲಿ ಟಿವಿ ಇರಲಿಲ್ಲವೇ? ಇತ್ತು. ರೋಮಿನ ಪೂಜೆಗಳು ಅದರಲ್ಲಿ ಬರುತ್ತಲೂ ಇದ್ದವು. ಆದರೂ ಆ ವಿಧಿ ನಮ್ಮನ್ನು ಕಳಿಸುವುದು ಮನೆಯವರ ಹತ್ತಿರಕ್ಕೆ, ಪಕ್ಕದ ಮನೆಗೆ.

ಈ ಅಪಾಯವನ್ನು ಮೊದಲು ಗುರುತಿಸಿದವರಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರು. 2020ರ ಮಾರ್ಚ್ 9ರಿಂದ ಮೇ 17ರವರೆಗೆ ವ್ಯಾಟಿಕನ್‌ನ ಸಾಂತ ಮಾರ್ತಾ ನಿವಾಸದಲ್ಲಿ ಅವರು ಅರ್ಪಿಸುತ್ತಿದ್ದ ಬೆಳಗಿನ ಪೂಜೆ ಪ್ರತಿದಿನ ನೇರಪ್ರಸಾರವಾಗುತ್ತಿತ್ತು. ಏಪ್ರಿಲ್ 17ರಂದು, ಅದೇ ಕ್ಯಾಮೆರಾದ ಎದುರು, ಇದು ಅಪಾಯ ಎಂದು ಅವರೇ ಹೇಳಿದರು. ಜನರಿಲ್ಲದೆ, ಸಂಸ್ಕಾರಗಳಿಲ್ಲದೆ, ಒಬ್ಬೊಬ್ಬರೇ ದೇವರ ಜೊತೆ ಸಲಿಗೆ ಬೆಳೆಸಿಕೊಂಡರೆ ಅದು ಧರ್ಮಸಭೆಯಲ್ಲ ಎಂದರು. ಯೇಸುವಿನ ಜೊತೆ ಶಿಷ್ಯರಿಗಿದ್ದ ಸಲಿಗೆಯಲ್ಲಿ ಊಟದ ಮೇಜು ಸದಾ ಇತ್ತು ಎಂದು ನೆನಪಿಸಿದರು. ಈಸ್ಟರ್‌ಗೆ ಮುಂಚೆ ಒಬ್ಬ ಬಿಷಪರು ತಮ್ಮನ್ನು ಗದರಿಸಿದ್ದನ್ನೂ ಹೇಳಿಕೊಂಡರು. ಸಂತ ಪೇತ್ರರ ಬೆಸಿಲಿಕಾ ಅಷ್ಟು ದೊಡ್ಡದಿದೆ, ಒಂದು 30 ಜನರನ್ನಾದರೂ ಕೂರಿಸಬಾರದೇ ಎಂದು ಆ ಬಿಷಪರು ಕೇಳಿದ್ದರಂತೆ. ಈಗಿನದು ಸುರಂಗ, ಇದರಿಂದ ಹೊರಗೆ ಬರಬೇಕು, ಇಲ್ಲೇ ಉಳಿಯಬಾರದು ಎಂಬುದು ಫ್ರಾನ್ಸಿಸರ ಮಾತಿನ ಸಾರ. ನಿಮ್ಮ ಮಗನಂಥವರು ಸುರಂಗದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅವನೊಬ್ಬನೇ ಅಲ್ಲ ಬಿಡಿ, ಬಹಳ ಜನ ಇದ್ದಾರೆ.

ಇನ್ನು ಹೆಂಡದಂಗಡಿಯ ಮಾತು. ಕೋಪ ಬರುವುದು ಸಹಜ. ಕರ್ನಾಟಕದಲ್ಲಿ ಮದ್ಯದಂಗಡಿಗಳು 2020ರ ಮೇ 4ಕ್ಕೆ ತೆರೆದವು. ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಕೇಂದ್ರದ ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಆಮೇಲೂ ಎಷ್ಟೋ ಕಡೆ ನಮ್ಮವರೇ ಇನ್ನಷ್ಟು ದಿನ ಕಾದರು. 2021ರಲ್ಲಿ ಎರಡನೇ ಅಲೆ ಬಂದಾಗ ಮತ್ತೆ ಮುಚ್ಚಿದೆವು. ಹೆಂಡದ ತೆರಿಗೆ ಸರ್ಕಾರಕ್ಕೆ ಬೇಕಿತ್ತು, ನಮ್ಮ ಪ್ರಾರ್ಥನೆಗೆ ತೆರಿಗೆ ಇಲ್ಲ. ಇದನ್ನು ವ್ಯಂಗ್ಯವಾಗಿ ಹೇಳಬಹುದು, ನಾನೂ ಆಗ ಹೇಳಿದ್ದೇನೆ. ಆದರೂ ಬಾಗಿಲು ಹಾಕಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹಾಡುವುದು, ಒತ್ತೊತ್ತಾಗಿ ಕೂರುವುದು, ಒಬ್ಬರ ನಾಲಗೆಯ ಮೇಲೆ ಇನ್ನೊಬ್ಬರು ಪ್ರಸಾದ ಇಡುವುದು, ಇವೆಲ್ಲ ರೋಗ ಹರಡುವ ದಾರಿಗಳು. ನಮ್ಮ ಬೆಂಚುಗಳಲ್ಲಿ ಜಾಸ್ತಿ ಇರುವವರು ವಯಸ್ಸಾದವರು. ಅವರ ಜೀವ ಉಳಿಸಲು ಬಾಗಿಲು ಹಾಕಿದರೆ ಅದು ವಿಶ್ವಾಸ ಸೋತಂತೆ ಅಲ್ಲ.

ನಮ್ಮ ಹಿರಿಯರು ಸುಮ್ಮನಿರುತ್ತಿದ್ದರೇ ಎಂದು ಕೇಳಿದ್ದೀರಿ. ಇದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು.

1576ರಲ್ಲಿ ಇಟಲಿಯ ಮಿಲಾನಿಗೆ ಪ್ಲೇಗ್ ಬಂತು. ಆಗ ಅಲ್ಲಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ. ಮುಂದೆ 1610ರಲ್ಲಿ ಅವರನ್ನು ಸಂತ ಎಂದು ಘೋಷಿಸಿದರು. ಮೊದಮೊದಲು ಅವರು ಬರಿಗಾಲಿನಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆ ಮಾಡಿಸಿದರು. ಆಮೇಲೆ ಊರಿಗೆ ಊರೇ ಮನೆಯೊಳಗೆ ಇರಬೇಕೆಂಬ ಆಜ್ಞೆ ಬಂತು. ಆಜ್ಞೆ ಮುರಿದು ಚರ್ಚಿಗೆ ಬನ್ನಿ ಎಂದು ಬೊರೊಮಿಯೊ ಜನರನ್ನು ಕರೆಯಲಿಲ್ಲ. ಪೂಜಾಪೀಠವನ್ನೇ ಬೀದಿಗೆ ತಂದರು. ನಾಲ್ಕು ರಸ್ತೆ ಕೂಡುವಲ್ಲಿ ಪೀಠ ಹಾಕಿಸಿದರು, ಜನ ಕಿಟಕಿಯಿಂದ ಪೂಜೆ ಕಂಡರು. ದಿನಕ್ಕೆ ಏಳು ಸಲ ಗಂಟೆ ಹೊಡೆಸಿದರು. ಗಂಟೆ ಕೇಳಿದಾಗ ಬೀದಿಯ ಎರಡೂ ಕಡೆಯವರು ಕಿಟಕಿಗೆ ಬಂದು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತ ಪ್ರಾರ್ಥನೆ ಮಾಡಿದರು. ತಮ್ಮ ಅರಮನೆಯ ಪರದೆ ಬಟ್ಟೆಗಳನ್ನು ಕತ್ತರಿಸಿ ಬಡವರಿಗೆ ಉಡುಪು ಹೊಲಿಸಿದರು. ನಮ್ಮ ಫೋನ್ ಪೂಜೆಗೆ ಆ ಕಿಟಕಿಯ ಪೂಜೆಯೂ ಒಂದು ಪೂರ್ವಜ ಅನ್ನಬಹುದು. ಒಂದು ವ್ಯತ್ಯಾಸ ಇದೆ. ಅಲ್ಲಿ ಎದುರು ಮನೆಯವನ ದನಿ ಕೇಳುತ್ತಿತ್ತು.

ಮೆಕ್ಸಿಕೊದ್ದು ಬೇರೆಯೇ ಕಥೆ. ಅಲ್ಲಿ 1926ರಲ್ಲಿ ಅಧ್ಯಕ್ಷ ಕಾಯೆಸ್ ತಂದ ಕಾನೂನು ಗುರುಗಳ ಕೈಕಾಲು ಕಟ್ಟಿಹಾಕಿತು. ಪ್ರತಿಭಟನೆಯಾಗಿ ಬಿಷಪರೇ ದೇಶದಾದ್ಯಂತ ಸಾರ್ವಜನಿಕ ಪೂಜೆ ನಿಲ್ಲಿಸಿದರು. ಜುಲೈ 31 ಕೊನೆಯ ದಿನ. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು, ಮದುವೆ ಮುಗಿಸಿಕೊಳ್ಳಲು ಜನ ಮುಗಿಬಿದ್ದರು. ಪೂಜೆ ಮತ್ತೆ ಶುರುವಾಗಿದ್ದು 1929ರ ಜೂನ್ ಕೊನೆಗೆ. ಹತ್ತಿರ ಹತ್ತಿರ ಮೂರು ವರ್ಷ! ಆ ನಡುವೆ ಮಿಗೆಲ್ ಪ್ರೊ ಎಂಬ ಯೇಸುಸಭೆಯ ಗುರು ರಾಜಧಾನಿಯಲ್ಲಿ ವೇಷ ಮರೆಸಿಕೊಂಡು ಮನೆಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಕೊಂಡೊಯ್ದರು. 1927ರ ನವೆಂಬರ್ 23ರಂದು ಅವರನ್ನು ಗುಂಡಿಟ್ಟು ಕೊಂದರು. ಇದನ್ನು ಓದಿದವರು ನಮ್ಮ ಲಾಕ್‌ಡೌನನ್ನು ಕಿರುಕುಳ ಎಂದು ಕರೆಯಲು ಸ್ವಲ್ಪ ಹಿಂಜರಿಯಬೇಕು. ನಮ್ಮನ್ನು ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ದೇವಸ್ಥಾನವೂ ಮುಚ್ಚಿತ್ತು, ಮಸೀದಿಯೂ ಮುಚ್ಚಿತ್ತು.

ನಮ್ಮ ನಾಡಿನಲ್ಲೇ ನೋಡಿ. 1784ರಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರವರೆಗೆ ಅವರ ಊರುಗಳಲ್ಲಿ ಇಗರ್ಜಿಗಳಿಲ್ಲ (ಅಲ್ಲಿ ಚರ್ಚಿಗೆ ಹಾಗೆನ್ನುತ್ತಾರೆ), ಗುರುಗಳಿಲ್ಲ. ಆ ಚರಿತ್ರೆಯ ಸುತ್ತ ಇವತ್ತು ನಡೆಯುವ ರಾಜಕೀಯ ಜಗಳ ಇಲ್ಲಿ ಬೇಡ. 15 ವರ್ಷ ಪೂಜೆಯಿಲ್ಲದೆ ಕಳೆದು ಹಿಂತಿರುಗಿದವರು ಮೊದಲು ಕೈಹಾಕಿದ ಕೆಲಸಗಳಲ್ಲಿ ಇಗರ್ಜಿ ಕಟ್ಟುವುದೂ ಒಂದು ಎಂಬುದಷ್ಟೇ ನನಗೆ ಮುಖ್ಯ. ಇಲ್ಲದೆ ಬದುಕಿದೆವಲ್ಲ, ಇನ್ನು ಯಾಕೆ ಎಂದು ಅವರು ಕೇಳಲಿಲ್ಲ.

ಆದರೆ ನಿಮ್ಮ ಪತ್ರ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಜಪಾನ್. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. 1644ರಲ್ಲಿ ಕೊನೆಯ ಗುರುವನ್ನು ಕೊಂದರು. ಅಲ್ಲಿಂದ ಮುಂದೆ ಇನ್ನೂರಕ್ಕೂ ಹೆಚ್ಚು ವರ್ಷ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಬಿಷಪರಿಲ್ಲ. ನಾಗಸಾಕಿಯ ಸುತ್ತಲಿನ ಹಳ್ಳಿಗರು ಕೆಲಸ ಹಂಚಿಕೊಂಡರು. ಒಬ್ಬ ಹುಟ್ಟಿದ ಮಕ್ಕಳಿಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವವನು. ಇನ್ನೊಬ್ಬ ಹಬ್ಬ, ಉಪವಾಸದ ದಿನಗಳ ಲೆಕ್ಕ ಇಡುವವನು. ಮತ್ತೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುವವನು. ಬಾಸ್ತಿಯನ್ ಎಂಬ ಉಪದೇಶಿಯ ಹೆಸರಿನಲ್ಲಿ ಉಳಿದು ಬಂದ ಒಂದು ಪಂಚಾಂಗ ಅವರ ಬಳಿ ಇತ್ತು. ಪಾಪನಿವೇದನೆ ಕೇಳಲು ಗುರುಗಳಿಲ್ಲದಾಗ ದೇವರಲ್ಲಿ ನಿಜವಾದ ಪಶ್ಚಾತ್ತಾಪ ಪಡುವುದು ಹೇಗೆ ಎಂದು ಹೇಳುವ ಒಂದು ಸಣ್ಣ ಪುಸ್ತಕವೂ ಇತ್ತು. ಅದು 1603ರದ್ದು. ಅದರ ಪ್ರಾರ್ಥನೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಟ್ಟರು.

1865ರ ಮಾರ್ಚ್ 17ರಂದು ಉರಾಕಾಮಿ ಹಳ್ಳಿಯ ಕೆಲವರು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಓಉರಾ ಚರ್ಚಿಗೆ ಬಂದರು. ವಿದೇಶಿಯರಿಗಾಗಿ ಕಟ್ಟಿದ ಚರ್ಚ್ ಅದು. ನಿಮ್ಮ ಹೃದಯವೂ ನಮ್ಮ ಹೃದಯವೂ ಒಂದೇ ಎಂದು ಒಬ್ಬ ಹೆಂಗಸು ಫ್ರೆಂಚ್ ಗುರು ಬರ್ನಾರ್ ಪೆತಿಜಾನ್ ಅವರಿಗೆ ಮೆಲ್ಲಗೆ ಹೇಳಿದಳು. ಸಂತ ಮರಿಯಳ ಪ್ರತಿಮೆ ಎಲ್ಲಿ ಎಂದು ಕೇಳಿದಳು. ಈಗ ನಮಗೆ ದುಃಖದ ಕಾಲ, ನಿಮಗೂ ಹೌದಾ ಎಂದು ಆ ಹಳ್ಳಿಗರು ವಿಚಾರಿಸಿದರಂತೆ. ಆ ವರ್ಷ ಈಸ್ಟರ್ ಬಿದ್ದಿದ್ದು ಏಪ್ರಿಲ್ 16ಕ್ಕೆ. ಅಂದರೆ ಅದು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲವೇ. ಗುರುಗಳಿಲ್ಲದ ಇನ್ನೂರು ವರ್ಷಗಳ ನಂತರವೂ ಅವರ ಲೆಕ್ಕ ಸರಿಯಾಗಿತ್ತು!

ಆ ಪುಸ್ತಕ ಹೇಳಿದ್ದನ್ನೇ 2020ರ ಮಾರ್ಚ್ 20ರಂದು ವ್ಯಾಟಿಕನ್ ಇಡೀ ಜಗತ್ತಿಗೆ ನೆನಪಿಸಿತು. ಪಾಪನಿವೇದನೆ ಮಾಡಲು ಸಾಧ್ಯವೇ ಇಲ್ಲದವರು ದೇವರ ಮೇಲಿನ ಪ್ರೀತಿಯಿಂದ ಪಶ್ಚಾತ್ತಾಪಪಟ್ಟರೆ, ಅವಕಾಶ ಸಿಕ್ಕ ಕೂಡಲೇ ಪಾಪನಿವೇದನೆ ಮಾಡುತ್ತೇನೆಂದು ದೃಢವಾಗಿ ನಿಶ್ಚಯಿಸಿದರೆ, ದೊಡ್ಡ ಪಾಪಗಳಿಗೂ ಕ್ಷಮೆ ಇದೆ ಎಂದು. ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ಕಣ್ಣುಮುಚ್ಚಿದವರ ಮನೆಯವರು ಇದನ್ನು ತಿಳಿದಿರಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ. ಸಾಯುವವರಿಗೆ ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಕೊನೆಯ ಅಭ್ಯಂಗ ಸಿಗಲಿಲ್ಲ, ಮಣ್ಣಿಗೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ ಎಂದು ಇಂದಿಗೂ ಕೊರಗುವವರ ಪತ್ರಗಳು ನಮಗೆ ಬರುತ್ತವೆ. ನಿಮ್ಮವರನ್ನು ದೇವರು ಕೈಬಿಟ್ಟಿಲ್ಲ. ಇದರಲ್ಲಿ ಸಂಶಯ ಬೇಡ.

ಈಗ ನನ್ನ ತಕರಾರಿಗೆ ಬರುತ್ತೇನೆ.

ಆ ತಿಂಗಳುಗಳಲ್ಲಿ ನಮ್ಮಲ್ಲೂ ಜಪಾನಿನ ಹಳ್ಳಿಗರ ಕೆಲಸ ಸ್ವಲ್ಪ ನಡೆಯಿತು. 2020ರ ಗರಿಗಳ ಭಾನುವಾರ, ಏಪ್ರಿಲ್ 5ರಂದು, ಚರ್ಚಿನಲ್ಲಿ ಗರಿ ಸಿಗದೆ ಮನೆ ಬಾಗಿಲಿಗೆ ತಾವೇ ತೆಂಗಿನ ಗರಿ ಕಟ್ಟಿದವರಿದ್ದರು. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿ ಆ ವರ್ಷ ಬೇಡ ಎಂದು ರೋಮಿನಿಂದಲೇ ಆದೇಶ ಬಂದಿತ್ತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಪ್ಪ ಬೋಗುಣಿಯಲ್ಲಿ ನೀರು ಹಿಡಿದು ಹೆಂಡತಿ ಮಕ್ಕಳ ಕಾಲು ತೊಳೆದ. ಶುಭ ಶುಕ್ರವಾರ ಮನೆಯ ಹಜಾರದಲ್ಲೇ ಶಿಲುಬೆ ಹಾದಿ ನಡೆಯಿತು. ಬೈಬಲ್ ವಾಚನ ಗಟ್ಟಿಯಾಗಿ ಓದಲು ಬಾರದ ಮಕ್ಕಳು ಓದಲು ಕಲಿತರು. ಯುವಕರು ಅಕ್ಕಿ, ಬೇಳೆ, ಎಣ್ಣೆ ಕಟ್ಟಿಕೊಂಡು ಕೂಲಿಯವರ ಶೆಡ್‌ಗಳಿಗೆ ಹೋದರು. ಯಾವ ಧರ್ಮ ಎಂದು ಕೇಳಲಿಲ್ಲ. ಒಂಟಿಯಾಗಿದ್ದ ಮುದುಕರಿಗೆ ಸಂಜೆ ಫೋನ್ ಮಾಡಿ ಮಾತ್ರೆ ತಗೊಂಡ್ರಾ ಎಂದು ವಿಚಾರಿಸುವವರಿದ್ದರು. ಧರ್ಮಕೇಂದ್ರ, ಒಂದು ಚರ್ಚಿಗೆ ಸೇರಿದವರ ಬಳಗ, ಎಂದರೆ ಇದೇ ತಾನೆ? ನಮ್ಮ ವಿಶ್ವಾಸ ಸೋತಿತು ಎಂದಿರಲ್ಲ, ನನಗೆ ಹಾಗೆ ಕಾಣಲಿಲ್ಲ.

ಆದರೆ ಬಾಗಿಲು ತೆರೆದ ಮೇಲೆ ಏನಾಯಿತು? ಮನೆಯ ಪ್ರಾರ್ಥನೆ ಬಿಟ್ಟೆವು. ಮುದುಕರಿಗೆ ಫೋನ್ ಮಾಡುವುದನ್ನು ಬಿಟ್ಟೆವು. ಅಪ್ಪ ಮತ್ತೆ ಬೋಗುಣಿ ಮುಟ್ಟಲಿಲ್ಲ. ಉಳಿಸಿಕೊಂಡದ್ದು ಫೋನಿನ ಪೂಜೆಯನ್ನು ಮಾತ್ರ! ಬಿಡಬೇಕಾದದ್ದನ್ನು ಇಟ್ಟುಕೊಂಡು, ಇಟ್ಟುಕೊಳ್ಳಬೇಕಾದದ್ದನ್ನು ಬಿಟ್ಟೆವು. ನಿಮ್ಮ ಮಗನನ್ನು ಬೈಯುವ ಮುಂಚೆ ಧರ್ಮಕೇಂದ್ರಗಳೂ ತಮ್ಮ ಕಡೆ ನೋಡಿಕೊಳ್ಳಬೇಕು. ಬೆಂಗಳೂರಿನಂಥ ಊರಿನಲ್ಲಿ ಕೆಲಸಕ್ಕೆಂದು ಹೋದ ಹುಡುಗ ಒಂದು ದೊಡ್ಡ ಚರ್ಚಿನಲ್ಲಿ ವರ್ಷಗಟ್ಟಲೆ ಪೂಜೆಗೆ ಹೋದರೂ ಅವನ ಹೆಸರು ಕೇಳುವವರು ಇರುವುದಿಲ್ಲ. ಅಕ್ಕಪಕ್ಕ ಕೂತವರು ಸಮಾಧಾನದ ಕೈಮುಗಿದು ಎದ್ದು ಹೋಗುತ್ತಾರೆ. ಹಾಗಿರುವಾಗ ಚರ್ಚಿಗೂ ಫೋನಿಗೂ ಏನು ವ್ಯತ್ಯಾಸ ಎಂದು ಅವನು ಕೇಳಿದರೆ ನಾವು ಪೂರ್ತಿ ಬಾಯಿ ಮುಚ್ಚಿಸುವಂತಿಲ್ಲ. ಪರಮಪ್ರಸಾದ ಇದೆಯಲ್ಲ ಎನ್ನಬಹುದು. ನಿಜ, ಅದೇ ದೊಡ್ಡ ಉತ್ತರ. ಆದರೆ ಆ ಪ್ರಸಾದ ನಮ್ಮನ್ನು ಒಂದೇ ದೇಹವಾಗಿ ಮಾಡುತ್ತದೆ ಎಂದು ಸಂತ ಪೌಲರು ಬರೆದದ್ದನ್ನೂ ಅವನು ಕೇಳಿಯೇ ಇರುತ್ತಾನೆ.

ಇನ್ನು ನಿಮ್ಮ ಮನೆಯ ಮಾತು. ಅತ್ತೆಯವರ ಬಗ್ಗೆ ಚಿಂತೆ ಬೇಡ. ಮಂಡಿ ಹಿಡಿದುಕೊಂಡವರಿಗೆ ಚರ್ಚಿಗೆ ಬರಲೇಬೇಕೆಂಬ ಕಟ್ಟಳೆ ಎಂದೂ ಇರಲಿಲ್ಲ, ಈಗಲೂ ಇಲ್ಲ. ಅವರು ಟಿವಿಯಲ್ಲಿ ಪೂಜೆ ನೋಡಲಿ, ಅದು ಒಳ್ಳೆಯ ಪ್ರಾರ್ಥನೆ. ಜೊತೆಗೆ ಇನ್ನೊಂದು ಮಾಡಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಹೇಳಿ ಮನೆಗೆ ಪರಮಪ್ರಸಾದ ತರಿಸಿಕೊಳ್ಳಿ. ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಗೆ ಹೋಗುವ ಪದ್ಧತಿ ಬಹಳ ಕಡೆ ಇದೆ. ಪಟ್ಟಿಯಲ್ಲಿ ಅವರ ಹೆಸರು ಇಲ್ಲದಿದ್ದರೆ ಬರೆಸಿ. ಸಂಕೋಚಪಡಬೇಡಿ, ಅದು ಅವರ ಹಕ್ಕು. ಫಾದರ್ ಬರುವ ದಿನ ಅಕ್ಕಪಕ್ಕದ ಒಂದೆರಡು ಮನೆಯವರನ್ನೂ ಕರೆಯಿರಿ.

ಮಗನಿಗೆ ಈ ಉತ್ತರವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಕಳಿಸಿದರೆ ಓದುವುದಿಲ್ಲ, ನಮ್ಮ ಮನೆಯಲ್ಲೂ ಅದೇ ಕಥೆ. ಅವನು ಊರಿಗೆ ಬಂದ ಭಾನುವಾರ ಚರ್ಚಿಗೆ ಬಾ ಎಂದು ಹೇಳಲೂ ಹೋಗಬೇಡಿ. ನನ್ನನ್ನು ಬೈಕಿನಲ್ಲಿ ಬಿಟ್ಟು ಬಾರಪ್ಪ ಎನ್ನಿ. ಪೂಜೆ ಮುಗಿಯುವ ತನಕ ಹೊರಗೆ ಬಿಸಿಲಲ್ಲಿ ನಿಲ್ಲುತ್ತಾನೋ ಒಳಗೆ ಬರುತ್ತಾನೋ ಅವನೇ ನೋಡಿಕೊಳ್ಳಲಿ. ಒಳಗೆ ಬಂದರೆ, ಪೂಜೆಯಾದ ಮೇಲೆ ಅವನನ್ನು ನಾಲ್ಕು ಜನಕ್ಕೆ ಪರಿಚಯ ಮಾಡಿಸುವುದು ನಿಮ್ಮ ಕೆಲಸ.

— ಸಂಪಾದಕ