‘ಗಮಾರ’ ಬಂದದ್ದು ಗಮನದಿಂದಲ್ಲ

ಪ್ರಶ್ನೆ: ‘ಗಮನ ಮಾರಿಕೊಂಡವನೇ ಗಮಾರ’ ಎಂದು ನಮ್ಮೂರ ಪ್ರವಚನದಲ್ಲಿ ಕೇಳಿದೆ. ನಿಜವೇ? (ಗೋಕಾಕ)

ಸುಳ್ಳು. ಈ ಪ್ರಶ್ನೆ ಬಾರದ ತಿಂಗಳಿಲ್ಲ. ಒಮ್ಮೆ ‘ಗಮನ ಮಾರಿಕೊಂಡವ’, ಇನ್ನೊಮ್ಮೆ ‘ಗಮ್ಯ ಅರಿಯದವ’. ಪದವನ್ನು ಕೊಯ್ದು ತುಂಡಿಗೊಂದು ಅರ್ಥ ಹಚ್ಚಿದರೆ ಚಪ್ಪಾಳೆ ಬೀಳುತ್ತದೆ, ಶಬ್ದಕೋಶ ತೆರೆಯುವ ತ್ರಾಸೂ ತಪ್ಪುತ್ತದೆ.

ಗಮಾರ ಉತ್ತರದ ಭಾಷೆಗಳಿಂದ ಇಳಿದು ಬಂದ ಮಾತು, ಹಿಂದಿಯಲ್ಲಿ ‘ಗಂವಾರ್’. ಬೇರು ಸಂಸ್ಕೃತದ ‘ಗ್ರಾಮ’. ಪ್ರಾಕೃತದಲ್ಲಿ ರಕಾರ ಬಿದ್ದು ‘ಗಾಮ’ ಆಯಿತು, ಮುಂದೆ ಮಕಾರ ಸವೆದು ‘ಗಾಂವ್’ ಆಯಿತು. ಗಮಾರನೆಂದರೆ ಹಳ್ಳಿಯವ, ಅಷ್ಟೇ. ಹಾಗಾಗಿ ‘ಹಳ್ಳಿ ಗಮಾರ’ ಎನ್ನುವುದು ‘ಗೇಟುಬಾಗಿಲು’ ಅಂದ ಹಾಗೆ.

ಹಳ್ಳಿಯವ ಒರಟನಾದದ್ದು ಹೇಗೆ? ಬೈಗುಳ ಕಟ್ಟಿದವರು ಪೇಟೆಯವರು, ಮತ್ತೇನು! ನಗರದಿಂದ ‘ನಾಗರಿಕ’ ಹುಟ್ಟಿಸಿ ತಮಗೆ ಇಟ್ಟುಕೊಂಡರು. ‘ಗ್ರಾಮ್ಯ’ವನ್ನು ಅಲಂಕಾರಶಾಸ್ತ್ರದವರು ಕಾವ್ಯದೋಷಗಳ ಸಾಲಿಗೆ ತಳ್ಳಿದರು. ಇದು ನಮ್ಮಲ್ಲಷ್ಟೇ ಇರುವ ಚಾಳಿಯೂ ಅಲ್ಲ. ಸಿನಿಮಾದ ‘ವಿಲನ್’ ಮೂಲದಲ್ಲಿ ಲ್ಯಾಟಿನ್ನಿನ ‘ವಿಲ್ಲಾ’ದ, ಅಂದರೆ ಧಣಿಯ ಹೊಲಮನೆಯ, ದುಡಿಯುವ ಆಳು.

ಬೆಳಗಾವಿ ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಮರಾಠಿಯಿಂದ ಬಂದ ಅದೇ ‘ಗಾಂವ’ ಊರೂರಿನ ಉತಾರಗಳಲ್ಲಿ, ಅಂದರೆ ಜಮೀನಿನ ದಾಖಲೆಗಳಲ್ಲಿ, ‘ಗಾಂವಠಾಣ’ ಎಂದು ಕೂತಿದೆ: ಊರಿನ ವಸತಿ ಜಾಗ. ಅಲ್ಲಿ ಅವಮಾನದ ವಾಸನೆಯೂ ಇಲ್ಲ. ಸರಕಾರಿ ಶಾಲೆ ಬರುವ ಮೊದಲು ಈ ಭಾಗದ ಮಕ್ಕಳಿಗೆ ಅಕ್ಷರ ತಿದ್ದಿಸಿದವು ಗಾಂವಟಿ, ಅಂದರೆ ಊರಿನ, ಶಾಲೆಗಳು. ಸಂತೆಯಲ್ಲಿ ಗಾಂವಟಿ ಕೋಳಿಗೆ ಫಾರಂ ಕೋಳಿಗಿಂತ ಹೆಚ್ಚಿನ ದರ ಕೊಟ್ಟು ತರುತ್ತೀರಿ. ಅದೇ ಮಾತನ್ನು ಒಬ್ಬ ಹುಡುಗನ ಅಂಗಿಗೋ ಉಚ್ಚಾರಕ್ಕೋ ಹಚ್ಚಿದಿರೋ, ಬೈಗುಳವಾಯಿತು. ಕೋಳಿಗಿದ್ದ ಮರ್ಯಾದೆ ಮನುಷ್ಯನಿಗಿಲ್ಲ. ಮಕ್ಕಳನ್ನು ಬೈಯಲೇಬೇಕೆಂದಿದ್ದರೆ ‘ಒರಟ’ ಅನ್ನಿ; ಬೈಗುಳ ನಡತೆಗೆ ತಾಗುತ್ತದೆ, ಹುಟ್ಟಿದ ಊರಿಗಲ್ಲ. ಶಿಕ್ಷಕರಿಗಂತೂ ಇದನ್ನು ಕೈಮುಗಿದು ಹೇಳುತ್ತೇನೆ.

ಪ್ರಶ್ನೆ: ‘ಉದ್ಧಟ’ ಅಂದರೆ ಉದ್ದ ನಾಲಿಗೆಯವ ಎಂದು ಹೇಳುತ್ತಾರಲ್ಲ? (ಮುಧೋಳ)

ಹೇಳುವವರು ಮಹಾಪ್ರಾಣ ನೋಡಿಲ್ಲ. ಅದರ ಹಿಂದಿರುವುದು ಸಂಸ್ಕೃತದ ‘ಉದ್ಧತ’, ಮೇಲೆದ್ದದ್ದು. ಶಾಕುಂತಲದಲ್ಲಿ ಕಾಳಿದಾಸ ರಥದ ಕುದುರೆಗಳು ಎಬ್ಬಿಸಿದ ಧೂಳಿಗೆ ಬಳಸಿದ್ದೂ ಇದನ್ನೇ. ಟಕಾರದ ರೂಪ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ನಾಲಿಗೆಯನ್ನು ಬಿಟ್ಟುಬಿಡಿ.

ಪ್ರಶ್ನೆ: ಬೆಂಗಳೂರಿನ ಬೀಗರು ನಮ್ಮ ಕನ್ನಡವೇ ಒರಟು ಅನ್ನುತ್ತಾರೆ. ಏನು ಉತ್ತರ ಕೊಡಲಿ? (ಬೈಲಹೊಂಗಲ)

ಸುಮಾರು 850ರ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ತೋರಿಸಲು ನಾಲ್ಕು ಊರು ಹೆಸರಿಸುತ್ತದೆ. ಒಂದು ನಿಮ್ಮ ತಾಲೂಕಿನ ಒಕ್ಕುಂದ, ಇನ್ನೊಂದು ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಉಳಿದವು ಕೊಪ್ಪಳ, ಲಕ್ಷ್ಮೇಶ್ವರ. ಬೀಗರ ಊರು ಆ ಪಟ್ಟಿಯಲ್ಲಿಲ್ಲ.